ಒಕ್ಕಲುಮನೆ: ಕಾರಹುಣ್ಣಿಮೆಯ ಓಟಗಾರರು

ಜ್ಯೇಷ್ಠಮಾಸವು ಕಾಲಿಟ್ಟಿತೆಂದರೆ ಹುಬ್ಬಳ್ಳಿಯ ಸುತ್ತಣ ಹಳ್ಳಿಗಳಲ್ಲಿ ಎರಡು ಸಂಗತಿಗಳ ಹೊರತು ಮೂರನೆಯದರ ಮಾತು ಕೇಳಿಸದು; ಒಂದು ಮಳೆ, ಇನ್ನೊಂದು ಎತ್ತು. ರೋಹಿಣಿಯು ಸುರಿಯಿತೋ ಇಲ್ಲವೋ, ಮೃಗಶಿರೆಯು ಹೇಗೆ ಕೂಡಿಬರುವುದೋ, ಹೆಸರು ಬಿತ್ತಲು ನೆಲ ಹದಕ್ಕೆ ಬಂದಿತೋ ಎಂದು ವಿಚಾರಿಸಿದವರೇ ಮರುಮಾತಿಗೆ, ‘ಈ ಸಾರೆ ಕರಿ ಹರಿಯುವ ಎತ್ತು ಯಾರದು?’ ಎಂದು ಕೇಳುವರು. ಹೋದ ವರ್ಷ ಮುಂದೆ ಬಂದ ಎತ್ತಿನ ಹೆಸರು ಊರ ಹುಡುಗರೆಲ್ಲರ ಬಾಯಲ್ಲಿರುವುದು. ಆ ಎತ್ತಿಗೆ ನಸುಕಿನಲ್ಲೆದ್ದು ಮೇವು ಹಾಕಿದವರಾರು, ಅದರ ಕಾಲಿನ ಗಾಯವನ್ನು ತೊಳೆದವರಾರು, ಓಡಿದ ಮರುದಿನ ಅದು ಹೇಗಿದ್ದಿತು ಎಂಬುದನ್ನು ಕೇಳುವವರು ಮಾತ್ರ ವಿರಳ. ಆದುದರಿಂದ ಈ ತಿಂಗಳ ಅಂಕಣದಲ್ಲಿ ನಾವು ವಾಚಕರನ್ನು ಓಟದ ಬಯಲಿಗೆ ಕರೆದೊಯ್ಯದೆ, ಓಟಗಾರರು ಸಿದ್ಧವಾಗುವ ಕೊಟ್ಟಿಗೆಗೇ ಕರೆದೊಯ್ಯಬೇಕೆಂದಿದ್ದೇವೆ.

ಪರಸ್ಥಳದ ವಾಚಕರ ಸಲುವಾಗಿ ಎರಡು ಮಾತು ಹೇಳಬೇಕು. ಕಾರಹುಣ್ಣಿಮೆಯೆಂದರೆ ಜ್ಯೇಷ್ಠದ ಹುಣ್ಣಿಮೆ. ಮುಂಗಾರಿಯ ಬಿತ್ತಿಗೆಯ ಹೊತ್ತಿನಲ್ಲಿ ಒಕ್ಕಲಿಗನು ತನ್ನ ಎತ್ತುಗಳಿಗೆ ಮಾಡುವ ಹಬ್ಬವಿದು. ಹಿಂದಿನ ದಿನ ಸಂಜೆ ಹೊನ್ನುಗ್ಗಿ. ಹಬ್ಬದ ದಿನ ಎತ್ತುಗಳ ಮೈ ತೊಳೆದು, ಕೊಂಬುಗಳಿಗೆ ಬಣ್ಣ ಹಚ್ಚಿ, ಮೈಮೇಲೆ ಹುರಮಂಜಿನ ಚಿತ್ತಾರ ಬರೆದು, ಕೊರಳಿಗೆ ಗೆಜ್ಜೆಸರ ಕಟ್ಟಿ, ಬೆನ್ನಿಗೆ ಜೂಲ ಹೊದಿಸುವರು. ಮನೆಯ ಹೆಣ್ಣುಮಕ್ಕಳು ಹೋಳಿಗೆ ಕಡಬುಗಳ ಎಡೆಮಾಡಿ, ಕೊಂಬಿಗೆ ಕೋಡಬಳೆ ತೊಡಿಸಿ, ಆರತಿ ಎತ್ತುವರು. ಸಂಜೆಯ ಮುಂದೆ ಊರ ಅಗಸಿಯಲ್ಲಿ ಬೇವಿನ ತಪ್ಪಲು ಕಟ್ಟಿದ ಹಗ್ಗವನ್ನು ಅಡ್ಡವಾಗಿ ಹಿಡಿದು, ಎತ್ತುಗಳನ್ನು ಅದರೆಡೆಗೆ ಓಡಿಸುವರು. ಇದಕ್ಕೇ ಕರಿ ಹರಿಯುವುದೆಂದು ಹೆಸರು. ಕೆಂದೆತ್ತು ಮೊದಲು ಹರಿದರೆ ಮುಂಗಾರಿಯ ಬೆಳೆ ಹುಲುಸಾಗುವುದೆಂದೂ, ಬಿಳಿಯೆತ್ತು ಹರಿದರೆ ಬಿಳಿಜೋಳ, ಕಡಲೆ ಮೊದಲಾದ ಹಿಂಗಾರಿಯ ಬೆಳೆ ಕೈಹಿಡಿಯುವುದೆಂದೂ ನಂಬುಗೆ. ಊರಿಂದೂರಿಗೆ ಪದ್ಧತಿಯಲ್ಲಿ ತುಸು ತುಸು ಭೇದವುಂಟು. ಉತ್ಸಾಹದಲ್ಲಿ ಮಾತ್ರ ಭೇದವಿಲ್ಲ.

ತಾರಿಹಾಳವು ಹುಬ್ಬಳ್ಳಿಯ ಮಗ್ಗುಲಲ್ಲೇ ಇರುವ ಊರು. ಅದರ ಒಂದು ಕಡೆ ಕೈಗಾರಿಕಾ ವಸಾಹತಿನ ಕಾರಖಾನೆಗಳು. ಇನ್ನೊಂದು ಕಡೆ ಎರೆಹೊಲ. ಮುಂಜಾನೆ ಪಾಳಿಗೆ ಹೊರಟ ಕೂಲಿಕಾರರ ಬೈಕುಗಳೂ ಹೊಲಕ್ಕೆ ಹೊರಟ ಚಕ್ಕಡಿಯೂ ಒಂದೇ ರಸ್ತೆಯಲ್ಲಿ ಎದುರುಬದುರಾಗುವ ಇಂಥ ಊರಿನಲ್ಲಿ ಎತ್ತು ಸಾಕುವುದೆಂದರೆ ಸುಲಭದ ಮಾತಲ್ಲ. ಹೊಲ ಮನೆಯಾಯಿತು, ಮನೆ ಗೋದಾಮಾಯಿತು, ಬಾಡಿಗೆಯ ಟ್ರ್ಯಾಕ್ಟರು ಅರ್ಧ ದಿನದಲ್ಲಿ ನಾಲ್ಕು ಎಕರೆ ಹರಗಿ ಹೋಯಿತು. ವರ್ಷವಿಡೀ ಮೇವು ತಿನ್ನುವ ಜೋಡೆತ್ತು ಯಾತಕ್ಕೆಂದು ಎಷ್ಟೋ ಮನೆಗಳಲ್ಲಿ ಗೋದಲಿಗಳು ಬರಿದಾಗಿವೆ. ಹಾಗಿದ್ದೂ ಎತ್ತು ಬಿಡದ ಕೆಲವು ಮನೆಗಳಿವೆ. ಅಂಥ ಒಂದು ಮನೆಯ ಕೊಟ್ಟಿಗೆಯಲ್ಲಿ ನಾವು ಈಚೆಗೆ ಎರಡು ದಿನ ಇದ್ದು ಬಂದೆವು. ಮನೆಯವರ ಹೆಸರು ಇಲ್ಲಿ ಬೇಡ. ಎಪ್ಪತ್ತು ದಾಟಿದ ಅಜ್ಜ, ಅವರ ಮಗ, ಸೊಸೆ, ಕಾರಖಾನೆಯಲ್ಲಿ ಪಾಳಿಯ ಕೆಲಸ ಮಾಡುವ ಮೊಮ್ಮಗ, ನರ್ಸಿಂಗ್ ಓದಬೇಕೆಂದಿರುವ ಮೊಮ್ಮಗಳು, ಮತ್ತು ಮೂರು ಎತ್ತು. ಇಷ್ಟೇ ಸಂಸಾರ.

ಕೊಟ್ಟಿಗೆಯ ದಿನವು ಸೂರ್ಯನಿಗಿಂತ ಮುಂಚೆ ಆರಂಭವಾಗುವುದು. ನಾಲ್ಕೂವರೆಗೆ ಅಜ್ಜ ಎದ್ದು ದೀಪ ಹಾಕುವರು. ಅವರ ಮೊದಲ ಕೆಲಸ ಮೇವು ಹಾಕುವುದಲ್ಲ, ಸೆಗಣಿ ನೋಡುವುದು. ಸೆಗಣಿ ಗಟ್ಟಿಯಾಗಿದೆಯೋ ತೆಳುವಾಗಿದೆಯೋ, ಅದರಲ್ಲಿ ಕಾಳು ಇಡಿಯಾಗಿ ಉಳಿದಿದೆಯೋ ಎಂಬುದರಿಂದ ನಿನ್ನೆಯ ಮೇವು ಮೈಗೆ ಹತ್ತಿತೋ ಇಲ್ಲವೋ ಎಂದು ಅವರು ಅರಿಯುವರು. ಅನಂತರ ಎತ್ತುಗಳ ಕಿವಿಯ ಬುಡವನ್ನೂ ಮೂಗಿನ ತುದಿಯನ್ನೂ ಮುಟ್ಟಿ ನೋಡುವರು. ಮೂಗು ಹಸಿಯಾಗಿದ್ದರೆ ಸುಖ, ಒಣಗಿದ್ದರೆ ಆ ದಿನ ಕೆಲಸಕ್ಕೆ ರಜೆ. ನೆಲ ಬಳಿದು, ಕಣಿಕೆ ಕತ್ತರಿಸಿ ಗೋದಲಿಗೆ ಹಾಕಿ, ನೀರು ತೋರಿಸುವಷ್ಟರಲ್ಲಿ ಮೂಡಣವು ಬೆಳಗಿರುವುದು.

ಆಮೇಲೆ ನಡಿಗೆ. ರಾತ್ರಿಯ ಪಾಳಿ ಇಲ್ಲದ ದಿನಗಳಲ್ಲಿ ಮೊಮ್ಮಗನು ಎತ್ತುಗಳನ್ನು ಬಿಚ್ಚಿಕೊಂಡು, ಡಾಂಬರು ರಸ್ತೆಯನ್ನು ತಪ್ಪಿಸಿ, ಹೊಲದ ಬದುವಿನ ಮೆತ್ತನೆಯ ನೆಲದ ಮೇಲೆ ಅರ್ಧ ಹರದಾರಿ ನಡೆಸಿ ತರುವನು. ದಿನವೂ ಓಡಿಸುವುದಿಲ್ಲ. ನಾಲ್ಕು ದಿನಕ್ಕೊಮ್ಮೆ ಮಾತ್ರ, ಬಿಸಿಲೇರುವ ಮೊದಲು, ಖಾಲಿ ಚಕ್ಕಡಿ ಹೂಡಿ ತುಸು ದೂರ ಓಟ; ಓಟ ಮುಗಿದ ಮೇಲೆ ಕೂಡಲೆ ನಿಲ್ಲಿಸದೆ ಮತ್ತೆ ಮೆಲ್ಲನೆಯ ನಡಿಗೆ. ಉಳಿದ ದಿನಗಳಲ್ಲಿ ಹೊಲದ ಕೆಲಸವೇ ವ್ಯಾಯಾಮ. ಕುಂಟೆ ಎಳೆದ ಎತ್ತಿಗೆ ಹೆಗಲು ಬಲಿಯುವುದು, ಉಸಿರು ಉದ್ದವಾಗುವುದು, ನೊಗದ ಜೊತೆಗಾರನ ಹೆಜ್ಜೆ ತಿಳಿಯುವುದು. ‘ಓಟ ಕಲಸೂದು ಬ್ಯಾಡರೀ, ಅದು ಹುಟ್ಟಿನಿಂದ ಬಂದದ್ದು. ಜೋಡಿಯಾಗಿ ನಡಿಯೂದನ್ನ ಕಲಸಬೇಕು’ ಎಂದು ಅಜ್ಜ ನಮಗೆ ಹೇಳಿದರು.

ಹನ್ನೊಂದಾಯಿತೆಂದರೆ ಎತ್ತುಗಳು ನೆರಳಿಗೆ ಬರುವುವು. ಇಲ್ಲಿಂದ ಮೂರು ನಾಲ್ಕು ತಾಸು ಅವುಗಳನ್ನು ಯಾರೂ ಎಬ್ಬಿಸುವಂತಿಲ್ಲ. ಹುಡುಗರು ಹತ್ತಿರ ಹೋದರೆ ಅಜ್ಜನ ಕೋಲು ಅವರೆಡೆಗೆ ತಿರುಗುವುದು. ಇದು ಮೆಲುಕಿನ ವೇಳೆ. ಎತ್ತಿನ ಹೊಟ್ಟೆಗೆ ನಾಲ್ಕು ಕೋಣೆಗಳು. ಅವುಗಳಲ್ಲಿ ಮೊದಲನೆಯದು, ದೊಡ್ಡ ಎತ್ತಿನಲ್ಲಿ, ನೂರು ಲೀಟರಿಗೂ ಮಿಕ್ಕಿ ಹಿಡಿಯತಕ್ಕದ್ದು. ಅವಸರದಲ್ಲಿ ನುಂಗಿದ ಕಣಿಕೆಯನ್ನು ಅದು ಮತ್ತೆ ಬಾಯಿಗೆ ತಂದು ಅರೆಯುವುದಕ್ಕೆ ದಿನಕ್ಕೆ ಆರರಿಂದ ಎಂಟು ತಾಸು ಬೇಕು. ಮೆಲುಕು ತಪ್ಪಿದ ಎತ್ತಿಗೆ ಎಷ್ಟು ತಿನ್ನಿಸಿದರೂ ವ್ಯರ್ಥ. ತುಂಬಿದ ಹೊಟ್ಟೆಯಲ್ಲಿ ಓಡಿಸಿದ ಎತ್ತಂತೂ ಕೆಟ್ಟಿತೆಂದೇ ತಿಳಿಯಬೇಕು.

ಇಳಿಹೊತ್ತಿಗೆ ಮೈ ತೊಳೆಯುವುದು, ಗೊರಸು ನೋಡುವುದು, ಲಾಳ ಸಡಿಲಾಗಿದ್ದರೆ ಬಡಿಸುವುದು. ಕುದುರೆಗೆ ಕಾಲಿಗೊಂದರಂತೆ ನಾಲ್ಕು ಲಾಳ ಸಾಕು. ಸೀಳುಗೊರಸಿನ ಎತ್ತಿಗೆ ಕಾಲಿಗೆರಡರಂತೆ ಎಂಟು ಬೇಕು. ಸಂಜೆಯ ದಾಣಿಯು ಸೊಸೆಯ ಅಧಿಕಾರಕ್ಕೆ ಸೇರಿದ್ದು. ಬೆಳಿಗ್ಗೆಯೇ ನೆನೆಯಿಟ್ಟ ಹತ್ತಿಕಾಳು, ಬೇಯಿಸಿದ ಹುರುಳಿ, ಶೇಂಗಾ ಹಿಂಡಿ, ಜೋಳದ ನುಚ್ಚು, ಒಂದು ಹಿಡಿ ಉಪ್ಪು, ಇವನ್ನು ಆಕೆ ಅಳೆದೇ ಹಾಕುವಳು. ಯುಗಾದಿಯಿಂದ ಕಾರಹುಣ್ಣಿಮೆಯವರೆಗೆ ಈ ಅಳತೆಯು ವಾರಕ್ಕೆ ಇಷ್ಟಿಷ್ಟೇ ಏರುತ್ತ ಹೋಗುವುದು, ಒಮ್ಮೆಗೇ ಏರುವುದಿಲ್ಲ. ಹಬ್ಬಕ್ಕೆ ಎಂಟು ದಿನವಿರುವಾಗ ಎಚ್ಚತ್ತು ಬುಟ್ಟಿಗಟ್ಟಲೆ ಕಾಳು ಸುರಿಯುವ ಮನೆಗಳಲ್ಲಿ ಎತ್ತುಗಳು ಹೊಟ್ಟೆ ಹುಳಿಯೇರಿ ಮಲಗಿಬಿಡುವುದನ್ನು ಆಕೆ ಕಂಡಿದ್ದಾಳಂತೆ. ಕಾಳು ಹೆಚ್ಚಾದಾಗ ಮೊದಲನೆಯ ಹೊಟ್ಟೆಯಲ್ಲಿ ಆಮ್ಲವು ಬೆಳೆದು ಪ್ರಾಣಕ್ಕೇ ಅಪಾಯವಾಗುವುದೆಂದು ಪಶುವೈದ್ಯರೂ ಹೇಳುವರು. ಪುಸ್ತಕ ಓದದ ಈ ತಾಯಿಯು ಸೇರಿನ ಅಳತೆಯಿಂದ ಅದೇ ಶಾಸ್ತ್ರವನ್ನು ನಡೆಸುತ್ತಿರುವಳು.

ಇನ್ನು ಈ ಕೊಟ್ಟಿಗೆಯ ಓಟಗಾರರ ಪರಿಚಯ. ಬಾಗಿಲಿಗೆ ಹತ್ತಿರ ಕಟ್ಟಿರುವುದು ಬಸ್ಯಾ. ಹದಿನಾಲ್ಕು ವರ್ಷದ ಮುದಿಯೆತ್ತು. ಹಲ್ಲು ಸವೆದಿವೆ, ಹೆಗಲು ಕಲ್ಲಿನಂತಾಗಿದೆ. ಅದು ಓಡುವ ದಿನಗಳು ತೀರಿದುವು. ಆದರೂ ಅದು ಕೊಟ್ಟಿಗೆಯ ಗುರು. ಹೊಸ ಎತ್ತನ್ನು ನೊಗಕ್ಕೆ ಕಲಿಸುವಾಗ ಮಗ್ಗುಲಿಗೆ ಇದನ್ನೇ ಹೂಡುವರು. ಎಳೆಯದು ಹೆದರಿ ಎಳೆದಾಡಿದರೆ ಬಸ್ಯಾ ಸುಮ್ಮನೆ ನಿಂತುಬಿಡುವುದು, ಎಳೆಯದು ಸುಮ್ಮನಾದ ಮೇಲೆಯೇ ಹೆಜ್ಜೆಯಿಡುವುದು. ಈ ಸಾರೆ ಕಾರಹುಣ್ಣಿಮೆಗೆ ಇದಕ್ಕೆ ಜೂಲ, ಗೆಜ್ಜೆ, ಮೆರವಣಿಗೆ ಉಂಟು, ಓಟವಿಲ್ಲ.

ಎರಡನೆಯದು ಕೆಂದ. ಬಾಯಿಗೂಡಿದ ಎತ್ತು, ಅಂದರೆ ಹಾಲುಹಲ್ಲುಗಳೆಲ್ಲ ಬಿದ್ದು ಎಂಟು ಹಲ್ಲುಗಳೂ ಬಂದ ಪ್ರಾಯದ್ದು. ಇದು ಗಂಭೀರ ಸ್ವಭಾವದ್ದು. ಡೊಳ್ಳಿನ ಸದ್ದಿಗೂ ಪಟಾಕಿಗೂ ಕಿವಿ ಸಹ ಅಲುಗಿಸದು. ಹೊರಡುವಾಗ ಮಂದ, ಹೊರಟ ಮೇಲೆ ಹಿಂದೆ ಸರಿಯದು. ಮುಂಗಾರಿಯನ್ನು ನಂಬಿದವರೆಲ್ಲ ಇದರ ಮೇಲೆ ಕಣ್ಣಿಟ್ಟಿರುವರು.

ಮೂರನೆಯದು ಮೈಲಾರಿ. ಹಾಲಿನಂಥ ಬಿಳಿ ಮೈ, ಹಿಂದಕ್ಕೆ ಬಾಗಿ ಮೇಲೆದ್ದ ನೀಳವಾದ ಕೊಂಬು, ಸಣ್ಣ ಕಿವಿ, ಬಿಗಿದ ಗಂಗೆದೊಗಲು. ಸೊಲ್ಲಾಪುರ, ಸಾಂಗಲಿ, ವಿಜಯಪುರ, ಬೆಳಗಾವಿಗಳ ಕಡೆಯ ಖಿಲಾರಿ ತಳಿಯ ರಕ್ತವು ಇದರಲ್ಲಿ ಹೆಚ್ಚಾಗಿದೆ. ನಾಲ್ಕು ಹಲ್ಲಿನ ಎತ್ತು. ಮೂರು ವರ್ಷದ ಆಜುಬಾಜು ಇರಬೇಕು. ನೆರಳು ಹಾರಿದರೂ ಬೆದರುವ ಪ್ರಾಣಿ. ಆದರೆ ಬಿಚ್ಚಿದೊಡನೆ ಅದು ನೆಲವನ್ನು ಮುಟ್ಟಿತೋ ಇಲ್ಲವೋ ಎಂಬಂತೆ ಓಡುವುದನ್ನು ಕಂಡು ನಾವೂ ಒಂದು ಗಳಿಗೆ ಬೆರಗಾದೆವು. ಅಜ್ಜನು ಮಾತ್ರ ಇದನ್ನು ಈ ವರ್ಷ ಜನದ ಗದ್ದಲದೊಳಗೆ ಬಿಡಲು ಒಪ್ಪಿಲ್ಲ. ಎಲುಬು ಇನ್ನೂ ಬಲಿತಿಲ್ಲ, ಹೆದರಿಕೆ ಇನ್ನೂ ಹೋಗಿಲ್ಲ ಎಂದು ಅವರ ತೀರ್ಮಾನ.

ಈ ಮೈಲಾರಿಯ ಸಲುವಾಗಿಯೇ ಆ ಮನೆಯಲ್ಲಿ ಒಂದು ಇಕ್ಕಟ್ಟು ಎದ್ದಿದೆ. ಅದನ್ನು ಹೇಳುವ ಮೊದಲು ಓಟದ ಇನ್ನೊಂದು ಲೋಕದ ಮಾತನ್ನು ಎತ್ತಬೇಕಾಗುವುದು.

ನಮ್ಮ ನಾಡಿನಲ್ಲಿ ಓಟಕ್ಕೆಂದೇ ಪ್ರಾಣಿಯನ್ನು ಸಾಕುವ ವಿದ್ಯೆಯು ಕುದುರೆಯ ಲಾಯಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಕುಣಿಗಲ್ಲಿನ ಅಶ್ವಕ್ಷೇತ್ರವು ಟೀಪುಸುಲ್ತಾನನ ಕಾಲದ್ದು. ಮೈಸೂರಿನ ರೇಸ್ ಕ್ಲಬ್ಬು ೧೮೯೧ರಲ್ಲಿ ಹುಟ್ಟಿದ್ದು. ರೇಸಿನ ಕುದುರೆಯ ದಿನಚರಿಯೂ ತಾರಿಹಾಳದ ಕೊಟ್ಟಿಗೆಯ ದಿನಚರಿಗಿಂತ ಬಹಳ ಬೇರೆಯಲ್ಲ. ನಸುಕಿನ ವ್ಯಾಯಾಮ, ಓಟದ ನಂತರದ ನಡಿಗೆ, ಮೈಯುಜ್ಜುವುದು, ಅಳೆದ ಮೇವು, ಇವೆಲ್ಲ ಅಲ್ಲಿಯೂ ಉಂಟು. ಆದರೆ ಕುದುರೆಯ ಸುತ್ತಲೂ ಕಟ್ಟಳೆಗಳ ಬೇಲಿಯಿದೆ. ಓಡುವ ಕುದುರೆಯ ವಯಸ್ಸು ದಾಖಲೆಯಲ್ಲಿರಬೇಕು. ಓಟದ ದಿನ ವೈದ್ಯರು ಹತ್ತಿರವಿರಬೇಕು. ಓಡಿದ ಕುದುರೆಗೆ ಉದ್ದೀಪನದ ಔಷಧಿ ಕೊಟ್ಟಿದ್ದರೋ ಎಂದು ಪರೀಕ್ಷೆ ನಡೆಯಬೇಕು. ಸವಾರನ ಚಾಟಿಗೂ ಮಿತಿಯುಂಟು. ಹಣದ ಆಟವು ಸೇರಿರುವುದರಿಂದ ಅಲ್ಲಿಯ ದೋಷಗಳು ಕಡಿಮೆಯೆಂದು ನಾವು ಹೇಳುವುದಿಲ್ಲ. ಆದರೂ ಪ್ರಾಣಿಯು ಓಟಕ್ಕಾಗಿಯೇ ಬದುಕುವಾಗ ಅದಕ್ಕೆ ಕಾವಲು ಬೇಕೆಂಬುದನ್ನು ಕುದುರೆಯವರು ಒಪ್ಪಿಕೊಂಡಿರುವರು.

ಎತ್ತಿಗೆ ಇಂಥ ಕಟ್ಟಳೆಗಳು ಹಿಂದೆ ಏಕೆ ಬೇಕಾಗಲಿಲ್ಲ? ಅದಕ್ಕೆ ಬೇರೊಂದು ಕಾವಲಿದ್ದಿತು. ಹುಣ್ಣಿಮೆಯ ದಿನ ಓಡಿದ ಎತ್ತು ಮರುದಿನ ಕೂರಿಗೆ ಎಳೆಯಬೇಕಾಗಿದ್ದಿತು. ಮಳೆ ಬಿದ್ದು ಹದ ಬಂದಾಗ ಎತ್ತಿನ ಕಾಲು ಉಳುಕಿದ್ದರೆ ಬಿತ್ತಿಗೆ ತಪ್ಪಿತು. ಬಿತ್ತಿಗೆ ತಪ್ಪಿದರೆ ವರ್ಷದ ಅನ್ನ ತಪ್ಪಿತು. ಗೆಲುವಿನ ಹುಚ್ಚು ಎಷ್ಟೇ ಇದ್ದರೂ ಒಕ್ಕಲಿಗನ ಕೈಯು ಬಾರಕೋಲಿನ ಮೇಲೆ ತಾನಾಗಿ ಸಡಿಲಾಗುತ್ತಿದ್ದಿತು. ಎಲ್ಲರೂ ಕರುಣಾಳುಗಳಾಗಿದ್ದರೆಂದಲ್ಲ. ನಾಳೆಯ ಉಳುಮೆಯು ಇಂದಿನ ಓಟಕ್ಕೆ ಕಡಿವಾಣವಾಗಿದ್ದಿತು.

ಈಗ ಆ ಕಡಿವಾಣವು ಕಳಚುತ್ತಿದೆ. ನಮ್ಮ ಭಾಗದಲ್ಲಿ ಖಾಲಿ ಚಕ್ಕಡಿಯ ಓಟದ ಸ್ಪರ್ಧೆಗಳು ಜಾತ್ರೆ ಹಬ್ಬಗಳಲ್ಲಿ ಜನಪ್ರಿಯವಾಗಿವೆ. ಕೆಲವೆಡೆ ಗೊತ್ತಾದ ವೇಳೆಯಲ್ಲಿ ಯಾವ ಜೋಡಿ ಹೆಚ್ಚು ದೂರ ಓಡಿತೆಂದು ಅಳೆಯುವರು. ಕೆಲವೆಡೆ ಗಾಲಿ ಕಟ್ಟಿದ ಭಾರದ ಬಂಡಿಯನ್ನು ಎಳೆಸುವ ತೆರಬಂಡಿಯ ಸ್ಪರ್ಧೆಯುಂಟು. ಬಹುಮಾನವಾಗಿ ಬೆಳ್ಳಿ, ಬಂಗಾರ, ಬೈಕುಗಳನ್ನು ಇಡುವುದುಂಟು. ಗೆದ್ದ ಎತ್ತಿನ ಬೆಲೆಯು ಲಕ್ಷಗಳ ಲೆಕ್ಕಕ್ಕೆ ಏರುವುದು. ಅದರಿಂದ ನೊಗ ಮುಟ್ಟದ, ಕುಂಟೆ ಕಾಣದ, ಓಟಕ್ಕೆಂದೇ ಕಟ್ಟಿ ಬೆಳೆಸಿದ ಎತ್ತುಗಳು ಹುಟ್ಟಿಕೊಂಡಿವೆ. ಇದರಲ್ಲಿ ಒಂದು ಒಳಿತೂ ಇದೆ. ಟ್ರ್ಯಾಕ್ಟರಿನ ಕಾಲದಲ್ಲಿ ಖಿಲಾರಿ, ಹಳ್ಳಿಕಾರ್, ಅಮೃತಮಹಲ್ ತಳಿಗಳನ್ನು ಹುರುಪಿನಿಂದ ಸಾಕುವವರಲ್ಲಿ ಓಟದ ಆಸಕ್ತರೂ ಸೇರಿರುವರು. ಎರೆಭೂಮಿಯ ಭಾರದ ಉಳುಮೆಗೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆಸಿದ ಕೃಷ್ಣಾತೀರದ ತಳಿಯು, ಉಳುಮೆಯು ಎತ್ತಿನ ಕೈತಪ್ಪಿದ ಮೇಲೆ, ಈಗ ಕಾಣಸಿಗುವುದೇ ಅಪರೂಪವಾಗಿದೆ. ಹಾಗಾಗಿ ಓಟವನ್ನು ನಿಲ್ಲಿಸಿದರೆ ಎತ್ತು ಸುಖಿಯಾಯಿತೆಂದು ಪಟ್ಟಣದಲ್ಲಿ ಕುಳಿತು ತೀರ್ಪು ಕೊಡುವುದು ಸರಿಯಲ್ಲ. ಕೆಲಸವಿಲ್ಲದ ಎತ್ತಿನ ದಾರಿಯು ಎಲ್ಲಿಗೆ ಹೋಗುವುದೆಂಬುದನ್ನು ಸಂತೆಯ ಜನರು ಬಲ್ಲರು. ಆದರೆ ನಾಳೆಯ ಉಳುಮೆಯಿಲ್ಲದ ಎತ್ತಿನ ಮೇಲೆ ಬಾರಕೋಲನ್ನು ತಡೆಯುವವರಾರು? ಇದೇ ನಮ್ಮ ಮುಂದಿರುವ ಪ್ರಶ್ನೆ.

ಸರಕಾರವೂ ನ್ಯಾಯಾಲಯಗಳೂ ಈ ಪ್ರಶ್ನೆಯೊಡನೆ ಬಹುದಿನ ಹೆಣಗಿವೆ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಕಾಯಿದೆಯು ೧೯೬೦ರಲ್ಲಿ ಬಂದಿತು. ಎಳೆಯುವ ಮತ್ತು ಹೊರುವ ಪ್ರಾಣಿಗಳ ಬಗೆಗಿನ ೧೯೬೫ರ ನಿಯಮಗಳು, ಎತ್ತನ್ನು ದಿನಕ್ಕೆ ಒಟ್ಟು ಒಂಬತ್ತು ತಾಸಿಗಿಂತ ಹೆಚ್ಚು ದುಡಿಸಬಾರದೆಂದೂ, ಬಿಡುವಿಲ್ಲದೆ ಐದು ತಾಸು ಮೀರಬಾರದೆಂದೂ, ೩೭ ಅಂಶ ಸೆಲ್ಸಿಯಸ್ ಮೀರುವ ಬಿಸಿಲಿರುವಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೂಡಬಾರದೆಂದೂ, ಮೊಳೆಗೋಲನ್ನು ಬಳಸಬಾರದೆಂದೂ ವಿಧಿಸಿದುವು. ೨೦೧೪ರ ಮೇ ೭ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿಯ ಓಟಗಳನ್ನು ನಿಷೇಧಿಸಿತು. ಕುದುರೆಯ ಅಂಗರಚನೆಯು ಓಟಕ್ಕೆ ಒಪ್ಪುವಂಥದು, ಎತ್ತಿನದು ಹಾಗಲ್ಲ ಎಂಬ ವಿಚಾರವೂ ಆ ತೀರ್ಪಿನಲ್ಲಿ ಬಂದಿತ್ತು. ಕರ್ನಾಟಕವು ೨೦೧೭ರಲ್ಲಿ ಕಾಯಿದೆಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಓಟ, ಎತ್ತಿನ ಗಾಡಿಯ ಓಟಗಳಿಗೂ ದಾರಿಮಾಡಿತು. ೨೦೨೩ರ ಮೇ ೧೮ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಈ ತಿದ್ದುಪಡಿಯನ್ನು, ತಮಿಳುನಾಡು ಮತ್ತು ಮಹಾರಾಷ್ಟ್ರಗಳ ತಿದ್ದುಪಡಿಗಳೊಡನೆ, ಎತ್ತಿಹಿಡಿಯಿತು. ಆದರೆ ನಿಯಮಗಳನ್ನು ಕಟ್ಟುನಿಟ್ಟಾಗಿ ನಡೆಸುವ ಹೊಣೆಯು ಜಿಲ್ಲಾಧಿಕಾರಿಗಳ ಮೇಲಿದೆಯೆಂದೂ ಸ್ಪಷ್ಟವಾಗಿ ಹೇಳಿತು. ಹೀಗೆ ಓಟವು ಊರಿಗೆ ಮರಳಿ ಬಂದಿದೆ. ಅದರ ಸಂಗಡ ಹೊಣೆಯೂ ಬಂದಿದೆ.

ಜಿಲ್ಲಾಧಿಕಾರಿಗಳು ಓಟದ ಬಯಲಿಗೆ ಬರಬಲ್ಲರು; ಪ್ರತಿ ಮನೆಯ ಕೊಟ್ಟಿಗೆಗೆ ಬರಲಾರರು. ಎತ್ತಿಗೆ ನಿಜವಾದ ಕೇಡು ಆಗುವುದು ಹೆಚ್ಚಾಗಿ ಕೊಟ್ಟಿಗೆಯಲ್ಲಿಯೇ, ಯಾರೂ ನೋಡದಿರುವಾಗ. ಅದನ್ನು ತಡೆಯತಕ್ಕವರು ಮನೆಯವರೇ. ಆದುದರಿಂದ ಎತ್ತು ಸಾಕುವ ಮನೆಗಳಿಗೆ ನಾವು ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುವೆವು.

ಮೊದಲನೆಯದಾಗಿ, ಗೊಟ್ಟದ ವಿಷಯ. ಹಬ್ಬದ ಹುರುಪಿನಲ್ಲಿ ಎತ್ತಿನ ಬಾಯೆತ್ತಿ ಹಿಡಿದು, ಬಿದಿರಿನ ಗೊಟ್ಟದಿಂದ ಎಣ್ಣೆ, ತತ್ತಿ, ಕಷಾಯಗಳನ್ನು ಸುರಿಯುವುದು ಹಳೆಯ ರೂಢಿ. ತಲೆಯನ್ನು ಬಹಳ ಮೇಲೆತ್ತಿ ಅವಸರದಿಂದ ಸುರಿದರೆ ಅದು ಶ್ವಾಸನಾಳಕ್ಕೆ ಇಳಿದು, ಎರಡು ಮೂರು ದಿನಗಳಲ್ಲಿ ಪುಪ್ಪುಸದ ಉರಿಯೆದ್ದು ಎತ್ತು ಸಾಯಬಹುದು. ತಿನ್ನಿಸತಕ್ಕದ್ದನ್ನು ಗೋದಲಿಯಲ್ಲಿಯೇ ತಿನ್ನಿಸಿರಿ. ಎರಡನೆಯದು ವಯಸ್ಸು. ಬಾಯಿಗೂಡದ ಎತ್ತನ್ನು ಸ್ಪರ್ಧೆಗೆ ಹೂಡಬೇಡಿರಿ. ಇಂದು ಗೆದ್ದ ಎರಡು ಹಲ್ಲಿನ ಎತ್ತು ನಾಲ್ಕು ವರ್ಷದಲ್ಲಿ ಕುಂಟುವುದನ್ನು ಕಂಡವರು ನಿಮ್ಮ ಊರಿನಲ್ಲಿಯೇ ಇರುವರು. ಮೂರನೆಯದು ಬಿಸಿಲು. ಕುದುರೆಯಂತೆ ಎತ್ತು ಧಾರಾಕಾರವಾಗಿ ಬೆವೆತು ಮೈ ತಣಿಸಿಕೊಳ್ಳಲಾರದು. ತಂಪುಹೊತ್ತಿನಲ್ಲಿ ಸುಮ್ಮನೆ ನಿಂತ ಎತ್ತು ನಿಮಿಷಕ್ಕೆ ಸುಮಾರು ಇಪ್ಪತ್ತು ಮೂವತ್ತು ಸಲ ಉಸಿರಾಡುವುದು. ಓಡಿಸುವ ಮೊದಲು ಅದರ ಪಕ್ಕೆಯನ್ನು ನೋಡಿ ಎಣಿಸಿಟ್ಟುಕೊಳ್ಳಿರಿ. ಓಟ ಮುಗಿದು ನೆರಳಲ್ಲಿ ಅರ್ಧ ತಾಸು ಕಳೆದರೂ ಉಸಿರು ಇಳಿಯದಿದ್ದರೆ, ಬಾಯಿ ತೆರೆದು ನಾಲಗೆ ಚಾಚಿದ್ದರೆ, ಮೈಮೇಲೆ ನೀರು ಸುರಿಯುತ್ತ ಪಶುವೈದ್ಯರನ್ನು ಕರೆಯಿರಿ. ಬಹುಮಾನದ ಮೆರವಣಿಗೆ ಆಮೇಲಾಗಲಿ.

ನಾಲ್ಕನೆಯದು ರೋಗದ ಕಾವಲು. ಹತ್ತಾರು ಊರುಗಳ ದನಗಳು ಒಂದೆಡೆ ಕೂಡುವಲ್ಲಿ ಬೇನೆಯೂ ಕೂಡುವುದು. ೨೦೨೨ರಲ್ಲಿ ಚರ್ಮಗಂಟು ರೋಗವು ಹಬ್ಬಿದಾಗ ರಾಜ್ಯದ ಹಲವು ಜಿಲ್ಲೆಗಳಲ್ಲಿ ದನದ ಸಂತೆ ಜಾತ್ರೆಗಳನ್ನೇ ನಿಲ್ಲಿಸಬೇಕಾಯಿತು. ಕಾಲುಬಾಯಿ ಬೇನೆಗೆ ಪಶುವೈದ್ಯಶಾಖೆಯವರು ಊರೂರಿಗೆ ಬಂದು ಲಸಿಕೆ ಹಾಕುವರು; ‘ಓಟದ ಎತ್ತಿಗೆ ಸೂಜಿ ಹಾಕಿಸಿದರೆ ಬಲ ಕುಗ್ಗುವುದು’ ಎಂಬ ಕುರುಡು ಮಾತನ್ನು ಕೇಳಿ ಎತ್ತನ್ನು ಬಚ್ಚಿಡಬೇಡಿರಿ. ಐದನೆಯದಾಗಿ, ಮೊಳೆ ಬಡಿದ ಕೋಲು, ಬಾಲ ತಿರುಚುವುದು, ಕಣ್ಣಿಗೆ ಖಾರ ಹಚ್ಚುವುದು, ಸೆರೆ ಕುಡಿಸುವುದು, ಇವು ಕಾಯಿದೆಯ ಕಣ್ಣಿಗೆ ಬೀಳಲಿ ಬೀಳದಿರಲಿ, ಪಾಪವೇ ಸರಿ. ಕಾರಹುಣ್ಣಿಮೆಯ ಮುಂಜಾನೆ ಆರತಿ ಎತ್ತಿಸಿಕೊಂಡ ಬಸವಣ್ಣನಿಗೆ ಸಂಜೆ ಮೊಳೆ ಚುಚ್ಚುವ ಮನೆಯಲ್ಲಿ ಹಬ್ಬವಾಯಿತೆಂದು ನಾವು ಒಪ್ಪೆವು.

ಈಗ ಮೈಲಾರಿಯ ಮಾತು. ಬಡಗಣ ಕಡೆಯ ಒಬ್ಬ ಸ್ಪರ್ಧೆಗಾರರು ಬಂದು ಅದರ ನಡಿಗೆಯನ್ನು ನೋಡಿ, ಈ ಮನೆಯವರು ಎಣಿಸಿಯೂ ಇರದಷ್ಟು ಬೆಲೆಯನ್ನು ಮುಂದಿಟ್ಟಿರುವರು. ಆ ಹಣದಿಂದ ಮೊಮ್ಮಗಳ ಓದಿನ ವೆಚ್ಚವು ನೀಗುವುದು. ಇಟ್ಟುಕೊಂಡರೆ ಅದರ ಮೇವಿಗೆ ಮೊಮ್ಮಗನ ಪಗಾರವೇ ಹೋಗಬೇಕು. ಮೊಮ್ಮಗನು ಕೊಡೋಣವೆನ್ನುವನು, ಎತ್ತನ್ನು ಎಲ್ಲರಿಗಿಂತ ಹೆಚ್ಚು ಮುದ್ದಿಸುವವನೂ ಅವನೇ. ಮಗನದು ಎರಡೂ ಕಡೆಯ ಮನಸ್ಸು. ಅಜ್ಜನು ಕೊಡುವುದೇ ಬೇಡವೆನ್ನಲಿಲ್ಲ. ಕೊಳ್ಳುವವರಿಗೆ ಅವರು ಒಂದೇ ಪ್ರಶ್ನೆ ಕೇಳಿದರಂತೆ: ‘ನಿಮಗ ಹೊಲ ಎಷ್ಟೈತ್ರೀ?’ ಬಂದವರು ನಕ್ಕು, ಹೊಲದ ಮಾತು ಏಕೆ, ಇದು ಓಟದ ಎತ್ತಲ್ಲವೇ ಎಂದರಂತೆ. ಅಜ್ಜನು ಮುಂದೆ ಮಾತಾಡಲಿಲ್ಲ. ಸೊಸೆಯು ಒಳಗಿನಿಂದ, ‘ಮಾವಾರ, ಅವರು ಹೊಲ ಇಲ್ಲಂದ್ರೂ ಒಪ್ಪೂಣು. ಹಲ್ಲು ಕೂಡೂತನಕಾ ಓಡ್ಸಂಗಿಲ್ಲ ಅಂತ ಮಾತು ಕೊಡ್ಲಿ. ಓಡೂದು ತೀರಿದ ಮ್ಯಾಲೆ ಸಂತಿಗ್ ಹೊಡೀದ ನಮಗ ತಿರುಗಿ ಕೊಡ್ಲಿ’ ಎಂದಳು. ಆ ಮನೆಯಲ್ಲಿ ಯಾರಿಗೂ ಅಷ್ಟು ಹೊತ್ತಿನವರೆಗೆ ಹೊಳೆಯದೆ ಇದ್ದ ಮಾತು ಅದು. ಕೊಳ್ಳುವವರು ಎರಡು ದಿನದಲ್ಲಿ ಹೇಳಿಕಳಿಸುವೆವೆಂದು ಹೋಗಿರುವರು. ನಾವು ಇದನ್ನು ಬರೆಯುವವರೆಗೆ ಹೇಳಿಕಳಿಸಿಲ್ಲ.

ಆ ತಾಯಿಯ ಎರಡು ಕರಾರುಗಳು ನಮಗೆ ಬಹಳ ಬೆಲೆಯುಳ್ಳವಾಗಿ ತೋರಿದುವು. ಓಟಕ್ಕೆ ಎತ್ತು ಮಾರುವ ಪ್ರತಿಯೊಂದು ಮನೆಯೂ ಅವನ್ನು ಕೇಳುವಂತಾದರೆ, ಓಟ ನಡೆಸುವ ಪಂಚರು ಹಲ್ಲು ನೋಡದೆ ಎತ್ತನ್ನು ಬಯಲಿಗೆ ಬಿಡದಂತಾದರೆ, ಓಡಿ ಮುಗಿದ ಎತ್ತಿಗೆ ಒಂದು ಗೋದಲಿಯನ್ನು ಗೊತ್ತುಮಾಡದವನಿಗೆ ಬಹುಮಾನ ಸಲ್ಲದಂತಾದರೆ, ಉಳುಮೆಯು ಹಿಂದೆ ಮಾಡುತ್ತಿದ್ದ ಕಾವಲನ್ನು ಊರೇ ಮಾಡಿದಂತಾಗುವುದು. ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ. ಕಾರಹುಣ್ಣಿಮೆಗೆ ಮೊದಲು ಅಗಸಿಯ ಕಟ್ಟೆಯ ಮೇಲೆ ಕೂಡುವ ಹಿರಿಯರು ಒಂದು ಸಂಜೆ ಇದನ್ನು ಮಾತಾಡಿಕೊಂಡರೆ ಸಾಕು. ವಾಚಕರಲ್ಲಿ ಅಂಥ ಹಿರಿಯರಿದ್ದರೆ ಈ ಪುಟವನ್ನು ಅಲ್ಲಿ ಓದಿ ಹೇಳಬೇಕೆಂದು ಕೋರುವೆವು.

ಕಾರಹುಣ್ಣಿಮೆಯಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುವುದು. ಎತ್ತಿಲ್ಲದ ಮನೆಗಳಲ್ಲಿಯೂ ಆ ದಿನ ಹುತ್ತದ ಮಣ್ಣಿನ ಜೋಡೆತ್ತು ಗೂಡಿನಲ್ಲಿ ಕೂಡುವುವು. ಮಕ್ಕಳ ಕೈಯಲ್ಲಿ ಮಣ್ಣೆತ್ತು ಮಾಡಿಸುವ ಬಗೆಯನ್ನೂ, ಅದಕ್ಕೆ ಯಾವ ಮಣ್ಣು ಒಳ್ಳೆಯದೆಂಬುದನ್ನೂ ಬರುವ ತಿಂಗಳು ಬರೆಯುವೆವು.